ಖಂಡೇಪೂಜೆಯ ಮರುದಿನ

ಹುಲಿಗೆಪ್ಪ ಇನ್ನೇನು ಸೈಕಲ್ಲು ಹತ್ತಬೇಕು, ಅಷ್ಟರಲ್ಲಿ ಫಾತಿಮಾಬೀ ಓಡಿಬಂದು ಕ್ಯಾರಿಯರ್ ಹಿಡಿದಳು.

“ನಿಲ್ರಿ. ನಿನ್ನಿ ಖಂಡೇಪೂಜಿ ಮಾಡೀರಿ, ರಿಮ್ಮಿಗೆ ಎಣ್ಣಿ ಹಂಗೇ ಐತಿ.”

“ಹೊತ್ತಾಗತೈತ್ರಿ ಚಾಚೀ. ಇಮಾಮಬಾನು ಅಪ್ಪನ ಮುಖ ನೋಡಬೇಕಲ್ಲ?”

“ಬರೋವಾಗ ಇಳುಕಲದಾಗ ಕೆಡವಿದ್ರ ಏನು ನೋಡತಾಳ?”

ಒಳಗೆ ಅವಳ ಗಂಡ, ಸೈಕಲ್ ರಿಪೇರಿಯ ಉಮರಸಾಬ, ಬಿಳಿ ಬಟ್ಟೆ ಹೊದ್ದು ಮಲಗಿದ್ದ. ಮಧ್ಯಾಹ್ನದ ನಮಾಜಾದ ಮೇಲೆ ಮಣ್ಣು. ಅಷ್ಟರೊಳಗೆ ಮಗಳು ಇಮಾಮಬಾನುವನ್ನು ಕಿನ್ನಾಳದಿಂದ ಕೊಪ್ಪಳಕ್ಕೆ ಕರೆತರಬೇಕು. ಯುದ್ಧ ಶುರುವಾಗಿ ಪೆಟ್ರೋಲು ಸಿಗದಾದಾಗಿನಿಂದ ಮೋಟಾರು ಬಸ್ಸನ್ನು ನಂಬುವಂತಿರಲಿಲ್ಲ.

ಫಾತಿಮಾಬೀ ಬೂದಿ ಹಾಕಿ ರಿಮ್ಮು ತಿಕ್ಕಿದಳು. ಬ್ರೇಕಿನ ರಬ್ಬರು ಎರಡೂ ಕಡೆ ಒಟ್ಟಿಗೇ ರಿಮ್ಮಿಗೆ ಕೂಡಬೇಕು, ಟೈರಿಗೆ ತಾಗಬಾರದು. ಗಂಡ ಮಾಡುತ್ತಿದ್ದಂತೆಯೇ ಸಂದಿನಲ್ಲಿ ಜೋಳದ ದಂಟಿನ ಸಿಬಿರು ಆಡಿಸಿ ನೋಡಿ ನಟ್ಟು ಬಿಗಿದಳು. ಅಳು ಆಮೇಲೆ ಬಂತು.

*

ಸೈಕಲ್ಲು ಕೊಂಡ ವರ್ಷ ಹುಲಿಗೆಪ್ಪನ ಭಕ್ತಿಗೆ ಮಿತಿಯೇ ಇರಲಿಲ್ಲ. ಆಯುಧಗಳನ್ನು ಪೂಜಿಸುವ ಖಂಡೇಪೂಜೆಯ ದಿನ ರಿಮ್ಮಿಗೂ ಕುಸುಬಿ ಎಣ್ಣೆ ಬಳಿದು ಕುಂಕುಮ ಹಚ್ಚಿದ್ದ. ಮರುದಿನ ಹೆಂಡತಿ ಪಂಪಮ್ಮನನ್ನು ಹಿಂದೆ ಕೂರಿಸಿಕೊಂಡು ಕಿನ್ನಾಳ ರಸ್ತೆಯ ಇಳುಕಲಿನಲ್ಲಿ ಜಂಬದಿಂದ ಬಂದ. ಬ್ರೇಕು ಹಿಡಿದರೆ ಸೈಕಲ್ಲು ಮಾತು ಕೇಳಲಿಲ್ಲ. ಎದುರಿಗೆ ಕಲ್ಲು ತುಂಬಿದ ಚಕ್ಕಡಿ. ಇಳುಕಲಿನ ಬುಡದಲ್ಲಿದ್ದ ತನ್ನ ಅಂಗಡಿಯಿಂದ ಹಾರಿಬಂದ ಉಮರಸಾಬ ಹ್ಯಾಂಡಲ್ ಹಿಡಿದೆಳೆದ, ಮೂವರೂ ಉರುಳಿದರು. ಮುರಿದದ್ದು ಉಮರಸಾಬನ ಮಣಿಕಟ್ಟು.

“ಪೂಜಿ ಮಾಡ್ರಿ, ಬ್ಯಾಡ ಅನ್ನಂಗಿಲ್ಲ,” ಎಂದ, ನೋವಿನಲ್ಲೂ ನಗುತ್ತ. “ಮರುದಿನ ಮಾತ್ರ ಹತ್ತಬ್ಯಾಡ್ರಿ. ನನ್ನ ಹಂತೇಕ ತಳ್ಳಿಕೊಂಡು ಬರ್ರಿ. ಒರಿಸಿ ಕೊಡತೀನಿ.”

ಅಂದಿನಿಂದ ಅದೇ ಪದ್ಧತಿಯಾಯಿತು. ಕೈ ಸೊಟ್ಟಗೇ ಕೂಡಿಕೊಂಡಿತು. ಆ ಸೊಟ್ಟ ಕೈಯಿಂದಲೇ ಊರವರ ರಬ್ಬರುಗಳನ್ನೆಲ್ಲ ನೆಟ್ಟಗೆ ಕೂಡಿಸಿದ.

*

ಕಿನ್ನಾಳದಿಂದ ಮರಳುವಾಗ ಇಳುಕಲಿನ ನೆತ್ತಿಯಲ್ಲಿ, ಹಿಂದೆ ಕೂತಿದ್ದ ಇಮಾಮಬಾನು ಸೀಟು ಬಿಗಿಯಾಗಿ ಹಿಡಿದಳು. “ಹಿಡಿತೈತೇನಣ್ಣಾ?”

“ನಿಮ್ಮವ್ವ ಕೂಡಿಸ್ಯಾಳವ್ವಾ.”

ಬ್ರೇಕು ಹಿಡಿಯಿತು. ಪಂಪಮ್ಮ, ಮಕ್ಕಳು, ಮನೆಯ ಬಿಸಿ ರೊಟ್ಟಿ, ಎಲ್ಲವೂ ಆ ಸೊಟ್ಟ ಕೈ ಕೊಟ್ಟದ್ದೆಂದು ಹುಲಿಗೆಪ್ಪನ ಕಣ್ಣು ತುಂಬಿಬಂತು. ಮಗಳು ಹೊತ್ತಿಗೆ ಸರಿಯಾಗಿ ಮನೆ ಮುಟ್ಟಿದಳು, ಅಪ್ಪನ ಮುಖ ನೋಡಿದಳು.

ಹುಲಿಗೆಪ್ಪ ಹೊರಗೆ ಬಂದಾಗ ಮನೆಗೆ ಹೊಂದಿದ ಅಂಗಡಿಯ ಮುಂದೆ ಸೈಕಲ್ಲುಗಳ ಸಾಲೇ ನಿಂತಿತ್ತು. ಸಾವಿನ ಸುದ್ದಿ ತಿಳಿಯದೆ, ಪ್ರತಿವರ್ಷದಂತೆ ಒರೆಸಿಕೊಂಡು ಹೋಗಲು ಬಂದವರು.

ನಮಾಜು ಮುಗಿದು ಜನಾಜ ಹೊರಟಿತು. ಅದರ ಹಿಂದೆ ಸೈಕಲ್ಲುಗಳೂ ಹೊರಟವು. ಎಣ್ಣೆ ಕುಂಕುಮ ಹಾಗೇ ಇದ್ದ ರಿಮ್ಮುಗಳು ಬಿಸಿಲಿಗೆ ಹೊಳೆಯುತ್ತಿದ್ದವು. ಒಬ್ಬರೂ ಹತ್ತಲಿಲ್ಲ. ಹುಲಿಗೆಪ್ಪನೂ, ಒರೆಸಿದ ತನ್ನ ಸೈಕಲ್ಲನ್ನು ಖಬರಸ್ತಾನದವರೆಗೆ ತಳ್ಳಿಕೊಂಡೇ ನಡೆದ.