ಬಿಷ್ಕೆಕ್‌ನ ಕಫೀಲ್

ಅಣ್ಣನ ಪಾದದ ಮೇಲೆ ತಮೀಮ್ ಇನ್ನೇನು ನೀರು ಹೊಯ್ಯಬೇಕು, ಅಬ್ದುಲ್ ರವೂಫ್ ಅವನ ಕೈಯಿಂದ ಪ್ಲಾಸ್ಟಿಕ್ ಮಗ್ ಕಿತ್ತುಕೊಂಡರು.

"ನೀನು ಬೇಡ ಮಾರಾಯ. ಬದುಕಿದ್ದಾಗ ಮುಳುಗಿಸಿದ್ದು ಸಾಲದಾ?"

ಮಯ್ಯಿತ್‌ಗೆ ಕೊನೆಯ ಸ್ನಾನ ಮಾಡಿಸುವ ಆ ಕೋಣೆಯಲ್ಲಿ ಯಾರೂ ತಲೆಯೆತ್ತಲಿಲ್ಲ. ರವೂಫ್ ಸತ್ತವನ ಹೆಂಡತಿ ಜಮೀಲಳ ಅಣ್ಣ. ಖಲೀಫಾ ಸಿಟಿಯಲ್ಲಿ ವಿಲ್ಲಾ ಇರುವವರಿಗೆ ಎದುರಾಡುವ ಧೈರ್ಯ ಯಾರಿಗಿದೆ? ತಮೀಮ್ ಒದ್ದೆ ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡು ಹೊರಗೆ ಬಂದ. ಇಲ್ಯಾಸ್ ಅವನಿಗಿದ್ದ ಒಬ್ಬನೇ ಅಣ್ಣ. ಒಡಹುಟ್ಟಿದವನಿಗೆ ಒಂದು ಮಗ್ ನೀರು ಹೊಯ್ಯುವ ಹಕ್ಕೂ ಇಲ್ಲವಾಯಿತು.

ಹೊರಗೆ ನೆರಳಿನಲ್ಲಿ ಬರ್ ದುಬೈಯ ಬಟ್ಟೆ ಅಂಗಡಿಯವರು ಗುಂಪುಗೂಡಿದ್ದರು.

"ಬಿಷ್ಕೆಕ್‌ನ ಹೊಲಿಗೆ ಫ್ಯಾಕ್ಟರಿ ಕೈತಪ್ಪಿ ಹೋದ ಮೇಲೆ ಇಲ್ಯಾಸಾಕ ಮೊದ್ಲಿನ ಹಾಗೆ ಇರ್ಲೇ ಇಲ್ಲ."

"ತಮ್ಮನನ್ನು ನಂಬಿ ಕಳ್ಸಿದ್ದಲ್ವಾ? ಅವನು ಅಲ್ಲಿ ವೋಡ್ಕಾ ಕುಡ್ಕೊಂಡು, ಯಾರೋ ರಶ್ಯದವಳನ್ನು ಕಟ್ಕೊಂಡು..."

ತಮೀಮನನ್ನು ಕಂಡದ್ದೇ ಮಾತು ಹೊರಳಿತು. "ಈಗ ನಮ್ಮ ಅಂಗಡಿಗೂ ಕಫೀಲ್ ಅಂತ ಅರಬ ಪಾಲುದಾರ ಬೇಡ ಅಂತಾಯ್ತು ನೋಡಿ. ಪೂರ್ತಿ ನಮ್ದೇ ಹೆಸ್ರಲ್ಲಿ!"

ತಮೀಮನಿಗೆ ಕೆಟ್ಟ ನಗು ಬಂತು. ಸಾವಿನ ಹೊತ್ತಲ್ಲಿ ನಗಬಾರದೆಂದು ಕೆಮ್ಮಿದ. ವೋಡ್ಕಾವನ್ನು ಅವನು ಮೂಸಿಯೂ ನೋಡಿದವನಲ್ಲ.

* * *

ಬಿಷ್ಕೆಕ್‌ನಲ್ಲಿ ವರ್ಷಗಳ ಹಿಂದೆ ಆ ದಿನ ಹಿಮ ಬೀಳುತ್ತಿತ್ತು. ಫ್ಯಾಕ್ಟರಿ ತೆರೆಯಲು ಹಿಡಿದ ಅಲ್ಲಿನ ವಕೀಲೆ ಹೇಳಿದ್ದನ್ನು ತಮೀಮ್ ಅಣ್ಣನಿಗೆ ಬಿಡಿಸಿ ಹೇಳುತ್ತಿದ್ದ. ದುಬೈಯ ಅಂಗಡಿಗೆ ಬರುತ್ತಿದ್ದ ಗಿರಾಕಿಗಳಿಂದ ಕಲಿತ ರಶ್ಯನ್ ಅವನಿಗೆ ಅಷ್ಟಿಷ್ಟು ಬರುತ್ತಿತ್ತು. ಸೋವಿಯತ್ ಕಾಲ ಮುಗಿದುಹೋಗಿದೆ, ಹೊರಗಿನವರು ಬಂಡವಾಳ ಹಾಕಲೆಂದು ಕಾನೂನು ಬದಲಾಗಿದೆ, ಕಂಪನಿಯನ್ನು ಪೂರ್ತಿ ನಮ್ಮ ಹೆಸರಲ್ಲೇ ಇಟ್ಟುಕೊಳ್ಳಬಹುದು.

"ಪೂರ್ತಿಯಾ?" ಇಲ್ಯಾಸ್ ನಕ್ಕ. "ಕಫೀಲ್ ಇಲ್ಲದೆ ಪರದೇಶದಲ್ಲಿ ವ್ಯಾಪಾರವಾ?"

"ಇಲ್ಲಿ ಅದೆಲ್ಲ ಬೇಡ ಕಾಕ. ಕಾನೂನೇ ಹೇಳ್ತದೆ." ಅಣ್ಣನನ್ನು ತಮೀಮ್ ಕರೆಯುತ್ತಿದ್ದದ್ದು ಕಾಕ ಎಂದು.

"ಕಮ್ಯುನಿಸ್ಟರ ಊರಿನ ಕಾನೂನು ಇವತ್ತೊಂದು, ನಾಳೆ ಇನ್ನೊಂದು. ಮೇಲೆ ಒಬ್ಬ ದೊಡ್ಡವನ ಹೆಸ್ರಿದ್ರೆ ಯಾರೂ ಮುಟ್ಟುವುದಿಲ್ಲ. ವ್ಯಾಪಾರ ನಿಂಗೆ ಗೊತ್ತುಂಟಾ, ನಂಗೆ ಗೊತ್ತುಂಟಾ?"

ಪಾಪ, ಅವನಿಗೆ ಗೊತ್ತಿದ್ದದ್ದು ಬರ್ ದುಬೈ ಒಂದೇ. ಅಲ್ಲಿ ಅವನ ಅಂಗಡಿಯ ಅರ್ಧಕ್ಕಿಂತ ಹೆಚ್ಚು ಪಾಲು ಕಾಗದದ ಮೇಲೆ ಒಬ್ಬ ಅರಬನದು. ಆ ಪುಣ್ಯಾತ್ಮ ವರ್ಷಕ್ಕೊಮ್ಮೆ ಬಂದು ತನ್ನ ಫೀಸು ತೆಗೆದುಕೊಂಡು, ಖಾವಾ ಕುಡಿದು ಹೋಗುತ್ತಿದ್ದನೇ ಹೊರತು ಗಲ್ಲಾದ ಕಡೆ ಕಣ್ಣೆತ್ತಿ ನೋಡಿದವನಲ್ಲ. ಕಫೀಲ್ ಎಂದರೆ ಎಲ್ಲ ಕಡೆಯೂ ಹೀಗೇ ಎಂದು ಇಲ್ಯಾಸ್ ನಂಬಿಬಿಟ್ಟಿದ್ದ. ಹಾಗಾಗಿ ಯಾರೂ ಕೇಳದೆಯೇ ತಾನೇ ಊರೆಲ್ಲ ಹುಡುಕಿ, ಹಳೆಯ ಸರ್ಕಾರಿ ಗಿರಣಿಯಲ್ಲಿ ಅಧಿಕಾರಿಯಾಗಿದ್ದ ಮರಾತ್ ಎಂಬಾತನಿಗೆ ಅಷ್ಟೇ ಪಾಲು ಬರೆದುಕೊಟ್ಟ.

ಪುಕ್ಕಟೆ ಸಿಕ್ಕಿದ ಫ್ಯಾಕ್ಟರಿ ಕಂಡು ಮರಾತ್ ಮೊದಲು ಕಕ್ಕಾಬಿಕ್ಕಿಯಾದ. ಆಮೇಲೆ ನಿಧಾನವಾಗಿ ಮಾಲೀಕನಾದ. ತಮೀಮನ ಉಸ್ತುವಾರಿಯಲ್ಲಿ ಹೊಲಿಗೆ ಯಂತ್ರಗಳು ಬಿಡುವಿಲ್ಲದೆ ಓಡತೊಡಗಿದ ಮೇಲೆ ಒಂದು ದಿನ ಬಾಗಿಲಿನ ಬೀಗ ಬದಲಾಯಿಸಿದ. ಕೋರ್ಟಿನವರು ಕಾಗದ ನೋಡಿ, ಎಲ್ಲ ಸರಿಯಾಗಿಯೇ ಇದೆ, ಹೆಚ್ಚು ಪಾಲಿನವನ ಮಾತೇ ನಡೆಯಬೇಕು ಎಂದರು.

ದುಬೈಗೆ ಮರಳಿದ ಮೇಲೆ ಇಲ್ಯಾಸ್ ಸುಳ್ಳೇನೂ ಹೇಳಲಿಲ್ಲ. "ತಮ್ಮನ ಕೈಗೆ ಕೊಟ್ಟಿದ್ದೆ, ಎಂತ ಮಾಡುವುದು," ಎಂದು ನಿಟ್ಟುಸಿರು ಬಿಟ್ಟ, ಅಷ್ಟೇ. ಉಳಿದದ್ದನ್ನು ಜನ ತಾವೇ ಸೇರಿಸಿಕೊಂಡರು. ತಮೀಮನ ನಿಶ್ಚಿತಾರ್ಥ ಮುರಿದುಬಿತ್ತು. ಪರಿಚಯದ ಯಾವ ಅಂಗಡಿಯವನೂ ಅವನನ್ನು ಒಳಗೆ ಸೇರಿಸಲಿಲ್ಲ. "ಒಮ್ಮೆ ನಿಜ ಹೇಳಿಬಿಡಿ ಕಾಕ," ಎಂದು ಈದ್ ಬಂದಾಗಲೆಲ್ಲ ಅಂಗಲಾಚುತ್ತಿದ್ದ.

"ಹೇಳುವ, ಹೇಳುವ," ಎನ್ನುತ್ತಿದ್ದ ಇಲ್ಯಾಸ್. ಹೇಳದೆಯೇ ಹೋಗಿಬಿಟ್ಟ.

* * *

ಹೆಂಗಸರ ಕಡೆಯಿಂದ ಜಮೀಲ ತಮೀಮನನ್ನು ಓಣಿಗೆ ಕರೆಸಿದಳು. ಅತ್ತು ಅತ್ತು ಮುಖ ಊದಿತ್ತು.

"ತಮೀಮ್, ನಂಗೆ ಎಲ್ಲ ಗೊತ್ತುಂಟು," ಎಂದಳು ತಗ್ಗಿದ ದನಿಯಲ್ಲಿ. "ಆಸ್ಪತ್ರೆಯಲ್ಲಿ ಅವ್ರೇ ಹೇಳಿದ್ರು. ನಿಂದು ಎಂತ ತಪ್ಪೂ ಇಲ್ಲ."

ಇಷ್ಟು ವರ್ಷ ತಮೀಮ್ ಕಾದದ್ದು ಈ ಒಂದು ಮಾತಿಗೆ. "ಹಾಗಾದ್ರೆ ರವೂಫಾಕನಿಗೆ ಹೇಳಿ. ಎಲ್ರೂ ಇಲ್ಲೇ ಇದ್ದಾರೆ. ದಫನ್ ಆಗುವ ಮೊದ್ಲು ಒಂದು ಮಾತು ಸಾಕು."

"ಹೇಳ್ಬಾರ್ದು ಅಂತಲೇ ಕರೆದದ್ದು. ಸುಮೀನಾಳ ಮದುವೆ ಮಾತು ನಡೀತಾ ಉಂಟು. ಅವಳ ಬಾಪ ತನ್ನ ತಪ್ಪನ್ನು ತಮ್ಮನ ತಲೆಗೆ ಕಟ್ಟಿದ್ರು ಅಂತ ಗೊತ್ತಾದ್ರೆ ಹೇಗೆ?" ಜಮೀಲ ದುಪಟ್ಟಾದ ತುದಿಯಿಂದ ಕಣ್ಣೊರೆಸಿಕೊಂಡಳು. "ನೀನು ಹೇಗೂ ಕೇಳಿ ಕೇಳಿ ಅಭ್ಯಾಸ ಆದವನು."

ಅಷ್ಟರಲ್ಲಿ ಇಲ್ಯಾಸನ ಮಗಳು ಸುಮೀನಾ ಬಂದು ತಮೀಮನ ತೋಳು ಹಿಡಿದಳು. "ಚಾಚಾ, ಪ್ಲೀಸ್. ಸೇ ಸಾರಿ ಟು ಬಾಪ. ಲಾಸ್ಟ್ ಟೈಮ್."

ಜಮೀಲ ನೆಲ ನೋಡಿದಳು. ತಮೀಮನೇ ಎತ್ತಿ ಆಡಿಸಿದ ಮಗು ಅದು. ಅವನು ಆಗಲಿ ಎಂದು ತಲೆಯಾಡಿಸಿದ.

ಮಯ್ಯಿತ್‌ಗೆ ಬಿಳಿ ಕಫನ್ ಹೊದಿಸಿ ಮುಖ ಮಾತ್ರ ತೆರೆದಿಟ್ಟಿದ್ದರು. ಕೊನೆಯ ಸಲ ನೋಡಲು ಎಲ್ಲರೂ ಸುತ್ತ ನೆರೆದಿದ್ದರು. ರವೂಫ್ ದಾರಿ ಬಿಟ್ಟರು. "ಬಾ, ಮಾಫ್ ಕೇಳು. ಅವ್ರಿಗೂ ಸಮಾಧಾನ, ನಿಂಗೂ ಸಮಾಧಾನ."

ಕರ್ಪೂರದ ವಾಸನೆ ಮೂಗಿಗೆ ಬಡಿಯಿತು. ತಮೀಮ್ ಬಾಗಿದ.

"ಕಾಕ, ಮಾಫ್ ಮಾಡಿ," ಎಂದ, ಎಲ್ಲರಿಗೂ ಕೇಳುವ ಹಾಗೆ.

ಹಿಂದಿನಿಂದ ಯಾರೋ ಅಲ್‌ಹಂದುಲಿಲ್ಲಾಹ್ ಎಂದರು. ರವೂಫರ ಕೈ ಅವನ ಹೆಗಲ ಮೇಲೆ ಬಂತು. ತಮೀಮ್ ಮಾತ್ರ ಏಳಲಿಲ್ಲ. ಅಣ್ಣನ ಮುಖವನ್ನೇ ನೋಡುತ್ತಿದ್ದ. ಬಾಯಿ ತೆರೆದುಕೊಳ್ಳದ ಹಾಗೆ, ಗದ್ದದ ಕೆಳಗಿಂದ ಬಿಳಿ ಬಟ್ಟೆಯ ಪಟ್ಟಿ ತಂದು ನೆತ್ತಿಯ ಮೇಲೆ ಬಿಗಿಯಾಗಿ ಗಂಟು ಹಾಕಿದ್ದರು.