ಸಾಯಲು ಉಳಿದವರು

ಆ ಮನೆಯ ನೆಂಟರಲ್ಲಿ ಸಾಯಲು ಇನ್ನು ಯಾರೂ ಉಳಿದಿರಲಿಲ್ಲ. ಗಂಡ ಕುಡಿದು ಬಿದ್ದಾಗಲೆಲ್ಲ ಅವನು ಕೆಲಸ ಮಾಡುವ ಬೇಕರಿಗೆ ಫೋನ್ ಮಾಡಿ, ಸೊಸೆ ಒಬ್ಬೊಬ್ಬರನ್ನೇ ಸಾಯಿಸುತ್ತ ಬಂದಿದ್ದಳು. ಮೊದಲು ಅವನ ಸೋದರಮಾವ, ಆಮೇಲೆ ದೊಡ್ಡಪ್ಪ. ಚಿಕ್ಕಮ್ಮನಂತೂ ಎರಡು ಸಲ ಸತ್ತಿದ್ದಳು. ಎರಡನೆಯ ಸಲ ಬೇಕರಿಯ ಯಜಮಾನರು, “ಪಾಪ, ಗಟ್ಟಿ ಜೀವ,” ಎಂದಷ್ಟೇ ಹೇಳಿ ಫೋನ್ ಇಟ್ಟಿದ್ದರು. ಅವಳಿಗೆ ನಗು ಬಂದಿತ್ತು, ನಕ್ಕದ್ದಕ್ಕೆ ನಾಚಿಕೆಯೂ ಆಗಿತ್ತು.

ಕಳೆದ ವಾರ ಅತ್ತೆ ಸೊಸೆ ಇಬ್ಬರೂ ಕುಡಿತ ಬಿಡಿಸುವ ಆಸ್ಪತ್ರೆಗೆ ಹೋದರು. ಕುಡಿಯುವವನು ಮಾತ್ರ ಹೋಗಲಿಲ್ಲ, ಅವನಿಗೇನು ಕಾಯಿಲೆಯೇ? ಡಾಕ್ಟರಮ್ಮ ಸಮಾಧಾನವಾಗಿಯೇ ಹೇಳಿದರು: “ಬೈಬೇಡಿ, ಕೈಬಿಡ್ಬೇಡಿ. ಆದ್ರೆ ಅವರ ಪರವಾಗಿ ಸುಳ್ಳು ಮಾತ್ರ ಹೇಳ್ಬೇಡಿ. ನೀವು ಹೇಳೋ ಒಂದೊಂದು ಸುಳ್ಳೂ ನೀವೇ ತುಂಬಿಸಿಕೊಟ್ಟ ಒಂದೊಂದು ಲೋಟ. ಪೆಟ್ಟು ಅವರಿಗೇ ತಾಗ್ಲಿ, ಆಗ ಬರ್ತಾರೆ ಇಲ್ಲಿಗೆ.” ಅತ್ತೆ ಸೊಸೆಗಿಂತ ಜೋರಾಗಿ ತಲೆಯಾಡಿಸಿದ್ದರು.

ಇವತ್ತು ಬೆಳಿಗ್ಗೆ ಅವನು ಹೊಲಿಗೆ ಮೆಷಿನ್ನಿನ ಪಕ್ಕದಲ್ಲಿ ಗೋಡೆಗೆ ಮುಖಮಾಡಿ ಬಿದ್ದಿದ್ದ. ಅವಳು ಅವನ ಕಾಲು ದಾಟಿಕೊಂಡು ಕೂತು ಯಾರದೋ ರವಿಕೆಯ ತೋಳು ಹೊಲಿಯುತ್ತಿದ್ದಾಗ ಬೇಕರಿಯ ಯಜಮಾನರ ಫೋನ್ ಬಂತು.

“ಹಿಟ್ಟು ಹುಳಿ ಬಂದು ಉಕ್ತಾ ಇದೆ ಕಣಮ್ಮಾ, ಒಲೆ ಮುಂದೆ ಜನ ಇಲ್ಲ. ಎಲ್ಲಿ ಅವನು? ಇವತ್ತಾದ್ರೂ ನಿಜ ಹೇಳು.”

ನಿಜ ಹೇಳಿದರೆ ಕೆಲಸ ಹೋಗುತ್ತದೆ. ಹೋಗಲಿ, ಹಾಗಾದರೂ ಇವನು ಆಸ್ಪತ್ರೆಯ ಮೆಟ್ಟಿಲು ಹತ್ತಲಿ ಎಂದು ಅವಳು ಗಟ್ಟಿ ಮನಸ್ಸು ಮಾಡಿದ್ದಳು. “ಸರ್, ಅವರು...” ಎನ್ನುವಷ್ಟರಲ್ಲಿ ಅಡುಗೆಮನೆಯಿಂದ ಅತ್ತೆ ಒದ್ದೆ ಕೈಯಲ್ಲೇ ಬಂದು ಫೋನ್ ಕಿತ್ತುಕೊಂಡರು.

“ನಾನು ಪಕ್ಕದ್ಮನೆಯವಳು ಸ್ವಾಮಿ,” ಎಂದರು ದನಿ ಬದಲಿಸಿ. “ಅವನ ತಾಯಿ ಹೋಗ್ಬಿಟ್ರು. ಬೆಳಿಗ್ಗೆ ಎಬ್ಬಿಸೋಕೆ ಹೋದ್ರೆ ಏಳ್ಲೇ ಇಲ್ಲ. ಮಗ ಅಂದ್ರೆ ಪ್ರಾಣ ಬಿಡ್ತಿದ್ರು...”

ಅಲ್ಲಿಗೆ ಅತ್ತೆಗೆ ನಿಜವಾಗಿಯೇ ಅಳು ಬಂದುಬಿಟ್ಟಿತು. ಹೆತ್ತವರಿಗೆ ಹೆಗ್ಗಣ ಮುದ್ದು ಅನ್ನುತ್ತಾರೆ. ಹೆಗ್ಗಣಕ್ಕಾಗಿ ತನ್ನ ಸಾವನ್ನು ತಾನೇ ಸಾರಿ, ತನಗೆ ತಾನೇ ಅತ್ತುಕೊಂಡವರನ್ನು ಸೊಸೆ ಅಂದೇ ನೋಡಿದ್ದು. ಯಜಮಾನರು ಏನೋ ಹೇಳುತ್ತಿದ್ದರು. ಅತ್ತೆ “ಹೂಂ, ಹೂಂ” ಎಂದು ಕೇಳಿಸಿಕೊಂಡು ಫೋನ್ ಕೆಳಗಿಟ್ಟರು.

“ಆಸ್ಪತ್ರೇಲಿ ಏನು ಹೇಳಿದ್ರು ಅತ್ತೆ?”

“ಹಾಗೆ ನೋಡ್ಬೇಡ ಕಣೇ. ಕೆಲಸಾನೂ ಹೋದ್ರೆ ಅವನು ಉಳೀತಾನಾ? ನಾನಾದ್ರೆ ಹೇಗಿದ್ರೂ ಹೋಗೋಳೇ.”

ನಾಳೆ ಈ ಮುದುಕಿ ನಿಜವಾಗಿ ಸತ್ತರೆ ಯಜಮಾನರಿಗೆ ಏನು ಹೇಳುವುದು ಎಂದು ಒಂದು ಕ್ಷಣ ಲೆಕ್ಕ ಹಾಕಿದ ತನ್ನ ಬುದ್ಧಿಗೇ ಅವಳು ಹೆದರಿದಳು. ಎದ್ದು ಹೋಗಿ ಅತ್ತೆಗೆ ಒಂದು ಲೋಟ ನೀರು ತಂದುಕೊಟ್ಟಳು.

ಗೋಡೆಯ ಕಡೆ ಹೊರಳಿದ್ದವನು ಅಲುಗಾಡಿದ. ಅವನಿಗೆ ಎಚ್ಚರವಿತ್ತು. ಎಲ್ಲವನ್ನೂ ಕೇಳಿಸಿಕೊಂಡಿದ್ದ.

“ಅಮ್ಮಾ,” ಎಂದ, ತಿರುಗದೆ. “ಎಷ್ಟು ದಿನ ರಜೆ ಕೊಟ್ರು?”

ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡರು.

“ಹತ್ತು ದಿನ ಕಣಪ್ಪಾ. ಮಲಕ್ಕೋ,” ಎನ್ನುತ್ತ ಹೊದಿಕೆಯನ್ನು ಅವನ ಕಾಲಿನವರೆಗೂ ಎಳೆದರು.