ಎಲೆಯ ತೀರ್ಪು

ಹೇಳಿಬಿಟ್ಟರೆ ಹಗುರವಾಗುವುದು ಅವಳಿಗೋ, ತನಗೋ? ಹಲಗೆಯ ಒಂದು ತುದಿಯನ್ನು ಎರಡೂ ಕೈಯಿಂದ ಒತ್ತಿ ಹಿಡಿದುಕೊಂಡು ವಿನಾರ್ನೊ ಅದನ್ನೇ ಯೋಚಿಸುತ್ತಿದ್ದ. ತನಗೆ ಹಗುರವಾಗಿ ಅವಳಿಗೆ ಭಾರವಾಗುವುದಾದರೆ ಅದು ಹೇಳುವ ಮಾತಲ್ಲ. ಆದರೆ ಈ ನೆಪವನ್ನೇ ಅಲ್ಲವೇ ಒಂಬತ್ತು ವರ್ಷದಿಂದ ತನಗೆ ತಾನೇ ಕೊಟ್ಟುಕೊಂಡು ಬಂದದ್ದು? ಸೆಮರಾಂಗಿನ ಕಾರ್ಮಿಕ ನ್ಯಾಯಾಲಯದ ಪಡಸಾಲೆಯಲ್ಲಿ, ವಿಚಾರಣೆಗೆ ಕರೆಯುವ ಮೊದಲು, ಎರಡು ನಿಮಿಷ ನಡೆದ ಮಾತು. ಲಸ್ತ್ರಿಗೆ ಅದು ಗೊತ್ತಿಲ್ಲ. ಗೊತ್ತಾಗಬೇಕಿತ್ತು. ಈಗ ಅವಳ ಗಂಡ ಪೊನಿರಾನ್ ಒಳಗೆ ಬಿಳಿ ಬಟ್ಟೆ ಸುತ್ತಿಸಿಕೊಂಡು ಮಲಗಿದ್ದಾನೆ. ಇವತ್ತು ಹೇಳದಿದ್ದರೆ ಇನ್ನೆಂದೂ ಹೇಳಲಾರೆನೆಂದು ವಿನಾರ್ನೊಗೆ ಅನ್ನಿಸುತ್ತಿತ್ತು.

“ಲಾಯರ್ರೇ, ಗಟ್ಟಿಯಾಗಿ ಹಿಡ್ಕೊಳ್ಳಿ. ಹಲಗೆ ಕುಣೀತಾ ಇದೆ” ಎಂದ ಕಸ್ಮಾದಿ, ಉಜ್ಜುಗೊರಡನ್ನು ನಿಲ್ಲಿಸಿ. ಅವನು ಪೊನಿರಾನನ ಪಕ್ಕದಲ್ಲಿ ಇಪ್ಪತ್ತು ವರ್ಷ ಕೂತು ಕೆತ್ತಿದವನು. ಗೋರಿಯೊಳಗೆ ಶವದ ಮೇಲೆ ಓರೆಯಾಗಿ ನಿಲ್ಲಿಸುವ ಹಲಗೆಗಳನ್ನು ಬೆಳಗಿನಿಂದ ನಯ ಮಾಡುತ್ತಿದ್ದ.

“ಮಣ್ಣೊಳಗೆ ಹೋಗೋ ಹಲಗೆಗೆ ಇಷ್ಟೊಂದು ನಯ ಯಾಕೆ, ಕಾಂಗ್? ಮಣ್ಣು ಮಾಡಿಸೋಕೆ ಬಂದಿರೋ ಮೊದಿನ್ ಅಜ್ಜ ಆಗ್ಲೇ ಗಡಿಯಾರ ನೋಡ್ತಾ ಇದ್ದಾರೆ” ಎಂದ ಕುರ್ಚಿ ಜೋಡಿಸುತ್ತಿದ್ದ ಒಬ್ಬ. ಅಣ್ಣ ಎನ್ನುವ ಅರ್ಥದಲ್ಲಿ ಕಸ್ಮಾದಿಯನ್ನು ಎಲ್ಲರೂ ಕಾಂಗ್ ಎಂದೇ ಕರೆಯುತ್ತಿದ್ದರು.

“ಜೆಪಾರಾದ ಕೆತ್ತನೆಗಾರನನ್ನ ಒರಟು ಹಲಗೆ ಕೆಳಗೆ ಮಲಗಿಸ್ತೀಯೇನೋ? ರಾತ್ರಿ ಎದ್ದು ಬಂದು ನಿನ್ನ ಬಾಗಿಲು ಬಡೀತಾನೆ.”

ನಾಲ್ಕೈದು ಜನ ನಕ್ಕರು. ಡೇರೆಯೊಳಗೆ ಹೆಂಗಸರು ಸಿಹಿ ಚಹಾದ ಗ್ಲಾಸುಗಳನ್ನು ಹಂಚುತ್ತಿದ್ದರು. ಕಸ್ಮಾದಿ ಹಲಗೆಯ ಮೇಲಿನ ಹೊಟ್ಟನ್ನು ಅಂಗೈಯಿಂದ ಸರಿಸಿ, ಮತ್ತೆ ಬಗ್ಗಿದ.

“ಕಾಂಗ್, ತಲೆಗೆ ಪೆಟ್ಟು ಬೀಳೋ ಮೊದಲು ಅವರು ಹೇಗಿದ್ರು?” ಎಂದು ವಿನಾರ್ನೊ ಕೇಳಿದ.

“ನಿಮಗೆ ಗೊತ್ತಿಲ್ವಾ? ಅಷ್ಟು ವರ್ಷ ಕೇಸು ನಡೆಸಿದ್ರಿ.”

“ಪೆಟ್ಟು ಬಿದ್ದ ಮೇಲಿಂದು ಮಾತ್ರ ಗೊತ್ತು.”

ಕಸ್ಮಾದಿ ಅವನ ಮುಖವನ್ನೊಮ್ಮೆ ನೋಡಿದ. “ಬಾಯಿಬಡುಕ. ಕೆತ್ತೋವಾಗ ಸುಮ್ನಿದ್ದದ್ದೇ ಇಲ್ಲ. ನನ್ನ ಬುತ್ತೀಲಿದ್ದ ಕರಿದ ತೆಂಪೆ ಕದ್ದು ತಿಂದು, ಬೆಕ್ಕಿನ ಮೇಲೆ ಹಾಕೋನು. ಅಂಗಡೀಲಿ ಬೆಕ್ಕೇ ಇರ್ಲಿಲ್ಲ ಮಾರಾಯ್ರೇ.”

ವಿನಾರ್ನೊ ನಗಲು ಹೋದ. ಆಗಲಿಲ್ಲ.

*

ಪೊನಿರಾನ್ ಒಂದು ದೊಡ್ಡ ಮರಗೆಲಸದ ಕಾರ್ಖಾನೆಯಲ್ಲಿ ಕೆತ್ತನೆಗಾರನಾಗಿದ್ದ. ಲಾರಿಯಿಂದ ಉರುಳಿದ ತೇಗದ ದಿಮ್ಮಿ ತಲೆಗೆ ಬಡಿಯಿತು. ಆಸ್ಪತ್ರೆಯಿಂದ ತಾನೇ ನಡೆದುಕೊಂಡು ಮನೆಗೆ ಬಂದ. ಗಾಯ ಕೂದಲಿನಡಿ ಮುಚ್ಚಿಹೋಯಿತು. ಹೆಸರು ಕೇಳಿದರೆ ಹೇಳುತ್ತಿದ್ದ, ಉಳಿ ಕೊಟ್ಟರೆ ಎಲೆ ಕೆತ್ತುತ್ತಿದ್ದ. ಸುರುಳಿ, ನರ, ಅಂಚಿನ ಮಡಿಕೆ ಎಲ್ಲವೂ ಮೊದಲಿನಷ್ಟೇ ಚೆಂದ. ಕಾರ್ಖಾನೆಯವರು ಆ ಎಲೆಯ ಫೋಟೊ ತೆಗೆದುಕೊಂಡು ಹೋದರು. ಕೈ ಸರಿಯಾಗಿದೆ, ದುಡಿಯುವ ಮನಸ್ಸು ಮಾತ್ರ ಇಲ್ಲ ಎಂದು ಬರೆದು ಕೆಲಸದಿಂದ ತೆಗೆದರು.

ಬಡವರಿಗೆ ಕಾನೂನು ನೆರವು ಕೊಡುವ ಸಣ್ಣ ಕಚೇರಿಯಿಂದ ವಿನಾರ್ನೊ ಮೊದಲ ಸಲ ಅವರ ಮನೆಗೆ ಬಂದ ದಿನ ಪೊನಿರಾನ್ ಅಂಗಳದಲ್ಲಿ ಕೂತು ಕೆತ್ತುತ್ತಿದ್ದ. ಲಸ್ತ್ರಿ ಅವನ ಎಡಕ್ಕೆ ಕುಳಿತು ಸೊಪ್ಪು ಬಿಡಿಸುತ್ತಿದ್ದಳು. ಎಲೆ ಮುಗಿದ ಹೊತ್ತಿಗೆ ಅವಳು ಸೊಪ್ಪಿನಿಂದ ಕಣ್ಣೆತ್ತದೆ ಗಂಡನ ಹೆಗಲ ಮೇಲೆ ಕೈ ಇಟ್ಟಳು. ಅವನು ಉಳಿ ಇಳಿಸಿದ, ಮುಗುಳ್ನಕ್ಕ, ಇನ್ನೊಂದು ತುಂಡು ತೆಗೆದುಕೊಂಡ.

“ಇದ್ಯಾಕೆ, ಬು?” ಎಂದು ವಿನಾರ್ನೊ ಕೇಳಿದ. ಅವನಿಗೆ ಅವಳು ಬು, ಅಂದರೆ ಅಮ್ಮ; ಅವಳಿಗೆ ಅವನು ಪಾ, ಅಂದರೆ ಅಯ್ಯ.

“ಮುಗೀತು ಅಂತ ಅವರಿಗೆ ಗೊತ್ತಾಗಲ್ಲ, ಪಾ. ನಾನು ಕೈ ಇಡದಿದ್ರೆ ಕೆತ್ತುತ್ತಾನೇ ಇರ್ತಾರೆ. ಊಟಾನೂ ಹಾಗೇ. ಸ್ನಾನಾನೂ ಹಾಗೇ.” ಸೊಪ್ಪಿನ ಕಡ್ಡಿ ಮುರಿಯುತ್ತ ಹೇಳಿದಳು: “ಅದಕ್ಕೇ ನಾನು ಎಲ್ಲಿಗೂ ಹೋಗಲ್ಲ.”

ಕಾರ್ಖಾನೆಯವರ ಕಣ್ಣಿಗೆ ಬಿದ್ದದ್ದು ಎಲೆ. ವಿನಾರ್ನೊನ ಕಣ್ಣಿಗೆ ಬಿದ್ದದ್ದು ಆ ಕೈ. ಅದಕ್ಕೂ ಮೊದಲು ತಲೆಗೆ ಪೆಟ್ಟು ಬಿದ್ದ ಇಬ್ಬರ ಮೊಕದ್ದಮೆಗಳನ್ನು ಅವನು ಸೋತಿದ್ದ. ಕೈಕಾಲು ನೆಟ್ಟಗಿದೆ, ಮಾತಾಡುತ್ತಾನೆ, ಇನ್ನೇನು ಎಂದಿದ್ದರು ನ್ಯಾಯಾಧೀಶರು. ಲಸ್ತ್ರಿಯ ಕೈ ಕಂಡ ದಿನ ಊರಿಗೆ ಮರಳುವ ಬಸ್ಸಿನಲ್ಲಿ ಅವನಿಗೆ ನಿದ್ದೆ ಬರಲಿಲ್ಲ. ಈ ಸಲ ತೋರಿಸುವುದು ಹೇಗೆಂದು ಹೊಳೆದಿತ್ತು.

*

ಮಧ್ಯಾಹ್ನದ ನಮಾಜಿನ ಕರೆಯ ಹೊತ್ತಿಗೆ ಕುದುಸ್ ಊರಿನ ಕಡೆಯಿಂದ ಒಬ್ಬ ಹೆಂಗಸು, ಬೆಳೆದ ಮಗನ ತೋಳು ಹಿಡಿದುಕೊಂಡು ಬಂದಳು. ಯಾರಿಗೂ ಅವಳ ಗುರುತಿಲ್ಲ. ಬಾಗಿಲಲ್ಲಿ ನಿಂತಿದ್ದ ಲಸ್ತ್ರಿಯ ಎರಡೂ ಕೈ ಹಿಡಿದುಕೊಂಡು, “ನಾನು ಸರಿಪಾಹ್. ನಿಮ್ಮ ಯಜಮಾನ್ರನ್ನ ನೋಡಿದವಳಲ್ಲ. ನನ್ನ ಮಗ ಬೈಕಿಂದ ಬಿದ್ದ. ಏನೂ ಆಗಿಲ್ಲ ಅಂದ್ರು. ನಮ್ಮ ಲಾಯರಮ್ಮ ನಿಮ್ಮ ಯಜಮಾನ್ರ ಎಲೆಯ ತೀರ್ಪು ಓದಿದ್ರು. ‘ಕಣ್ಣಿಗೆ ಕಾಣದ ಗಾಯವೂ ಗಾಯವೇ’ ಅಂತ ಅದರಲ್ಲಿ ಬರ್ದಿದೆಯಂತೆ. ಅದರಿಂದ ನಮಗೆ ಪರಿಹಾರ ಸಿಕ್ತು, ಬು” ಎಂದಳು.

ಮಗ ತಾಯಿಯ ಮುಖವನ್ನೇ ನೋಡುತ್ತಿದ್ದ. ಲಸ್ತ್ರಿ ತಲೆ ಆಡಿಸಿ, ಅವನಿಗೆ ಚಹಾ ಕೊಡಿಸಿದಳು. ಆಮೇಲೆ ವಿನಾರ್ನೊ ಇದ್ದಲ್ಲಿಗೆ ಬಂದಳು.

“ಪಾ, ಅವರ ಡೋಲಿ ಎತ್ತೋ ಮುಂಚೆ ಮನೆಯವರ ಪರವಾಗಿ ನೀವೇ ಮಾತಾಡ್ಬೇಕು.”

“ನಾನು ಮನೆಯವನಲ್ಲ, ಬು. ಕಾಂಗ್ ಕಸ್ಮಾದಿ ಇದ್ದಾರೆ.”

“ನಾನು ಬಾಯಿ ಬಿಟ್ರೆ ತೆಂಪೆ ಕತೆ ಬರುತ್ತೆ” ಎಂದ ಕಸ್ಮಾದಿ ತಲೆಯೆತ್ತದೆ.

“ಅವತ್ತು ಅಷ್ಟು ಜನರ ಮುಂದೆ ಅವರ ಪರವಾಗಿ ಮಾತಾಡಿದ್ದು ನೀವೇ ಅಲ್ವಾ” ಎಂದಳು ಲಸ್ತ್ರಿ. ಅವಳ ದನಿಯಲ್ಲಿ ಚುಚ್ಚು ಇದೆಯೇ ಎಂದು ವಿನಾರ್ನೊ ಹುಡುಕಿದ. ಇರಲಿಲ್ಲ. ಚುಚ್ಚು ಇದ್ದಿದ್ದರೆ ಒಳ್ಳೆಯದಿತ್ತು.

*

ವಿಚಾರಣೆಯ ದಿನ ಬೆಳಿಗ್ಗೆ ನ್ಯಾಯಾಲಯದ ಪಡಸಾಲೆಯ ಬೆಂಚಿನ ಮೇಲೆ ಲಸ್ತ್ರಿ ಗಂಡನಿಗೆ ಎಲೆಯಲ್ಲಿ ಕಟ್ಟಿ ತಂದ ಅನ್ನ ತಿನ್ನಿಸುತ್ತಿದ್ದಳು. ವಿನಾರ್ನೊನ ಕಂಕುಳಲ್ಲಿ ತೇಗದ ತುಂಡಿತ್ತು. ಕಾರ್ಖಾನೆಯ ವಕೀಲ, ವಯಸ್ಸಾದವನು, ಮೊದಲು ಆ ತುಂಡನ್ನು, ಆಮೇಲೆ ಬೆಂಚಿನ ಮೇಲಿದ್ದ ಗಂಡಹೆಂಡಿರನ್ನು ನೋಡಿದ. ಅವನಿಗೆ ಅರ್ಥವಾಯಿತು.

“ನೋಡಿ ತಮ್ಮ, ನಮ್ಮವರನ್ನ ನಾನು ಒಪ್ಪಿಸಿದ್ದೀನಿ. ನೀವು ಕೇಳಿದ್ದಷ್ಟೂ ಕೊಡ್ತಾರೆ. ಒಳಗೆ ಹೋಗಿ ರಾಜಿ ಆಯ್ತು ಅಂತ ಹೇಳಿಬಿಡೋಣ. ಆ ಮನುಷ್ಯನ ಕೈಯಲ್ಲಿ ಇದನ್ನ ಮಾಡಿಸ್ಬೇಡಿ.”

“ತೀರ್ಪಾಗಬೇಕು” ಎಂದ ವಿನಾರ್ನೊ. “ಬರಹದಲ್ಲಿ ಬರಬೇಕು.”

“ಅವರನ್ನ ಕೇಳಿದ್ರಾ?”

ಲಸ್ತ್ರಿ ಅಲ್ಲೇ ಇದ್ದಳು. ಕರೆದರೆ ಕೇಳಿಸುವಷ್ಟು ಹತ್ತಿರ. ವಿನಾರ್ನೊ ಅವಳ ಬಳಿಗೆ ಹೋದ. ಹೋಗಿ ಹೇಳಿದ್ದು ಇಷ್ಟೇ: “ಬು, ಒಳಗೆ ಏನೇ ಆದ್ರೂ ಕೈ ಇಡಬೇಡಿ. ನ್ಯಾಯಾಧೀಶರೇ ಹೇಳೋ ತನಕ ಇಡಬೇಡಿ.”

ಒಳಗೆ ಪೊನಿರಾನ್ ಮೇಜಿನ ಮುಂದೆ ಕೂತು ಕೆತ್ತಿದ. ಎಲೆ ಮೂಡುತ್ತ ಬಂದ ಹಾಗೆ ಗುಮಾಸ್ತರೂ ಕತ್ತು ಚಾಚಿ ನೋಡಿದರು. ಎಲೆ ಮುಗಿಯಿತು. ಪೊನಿರಾನ್ ನಿಲ್ಲಲಿಲ್ಲ. ಸುರುಳಿ ತೆಳುವಾಯಿತು, ನರಗಳು ಅಳಿಸಿಹೋದವು. ನಡುನಡುವೆ ಅವನು ಎಡಕ್ಕೆ ತಿರುಗಿ ತನ್ನ ಹೆಗಲನ್ನು ನೋಡಿಕೊಳ್ಳುತ್ತಿದ್ದ. ನೋಡಿ, ಸ್ವಲ್ಪ ಕಾದು, ಮತ್ತೆ ಕೊಡತಿ ಎತ್ತುತ್ತಿದ್ದ. ಲಸ್ತ್ರಿ ಎರಡೂ ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕೂತಿದ್ದಳು. ಕಾರ್ಖಾನೆಯ ವಕೀಲ ಕೊನೆಯವರೆಗೂ ತಲೆ ಎತ್ತಲಿಲ್ಲ. ಉಳಿ ತುಂಡನ್ನು ಸೀಳಿ ಮೇಜಿಗೆ ಕಚ್ಚಿಕೊಂಡಾಗ, ಪೊನಿರಾನ್ ಮೇಜನ್ನೇ ಕೆತ್ತಲು ತೊಡಗಿದಾಗ, ನ್ಯಾಯಾಧೀಶೆ ಎದ್ದು ನಿಂತರು. “ಯಾರಾದ್ರೂ ಅವರನ್ನ ನಿಲ್ಸಿ” ಎಂದರು.

ಲಸ್ತ್ರಿಯ ಕೈ ಹೆಗಲಿಗೆ ಬಂತು. ಪೊನಿರಾನ್ ಮುಗುಳ್ನಗಲಿಲ್ಲ. ಮುಂದಿದ್ದ ಚೂರುಗಳನ್ನು ಬೆರಳಿನಿಂದ ಸರಿಸಿ ಏನನ್ನೋ ಹುಡುಕಿದ.

“ಇದನ್ನ ಯಾರು ಕೆಡಿಸಿದ್ದು?” ಎಂದು ಕೇಳಿದ.

ಮೊಕದ್ದಮೆ ಗೆದ್ದರು. ಬೆಳಿಗ್ಗೆ ಉಂಡದ್ದು ಸಂಜೆಗೆ ಮರೆಯುತ್ತಿದ್ದ ಪೊನಿರಾನ್ ನ್ಯಾಯಾಲಯವನ್ನೂ ಮೇಜನ್ನೂ ಮರೆತ. ಆದರೆ ಅವನ ಕೈ ಉಳಿಯ ಹತ್ತಿರ ಮತ್ತೆ ಹೋಗಲಿಲ್ಲ. ಕೊಟ್ಟರೆ ತೆಗೆದುಕೊಂಡು, ಮೆಲ್ಲಗೆ ನೆಲದ ಮೇಲೆ ಇಟ್ಟುಬಿಡುತ್ತಿದ್ದ. ಆಮೇಲಿನ ವರ್ಷಗಳನ್ನೆಲ್ಲ ಹೊಸ್ತಿಲ ಬಳಿ ಕೂತು ಕಳೆದ.

*

ಶವ ಇಟ್ಟ ಡೋಲಿಯನ್ನು ಅಂಗಳಕ್ಕೆ ತಂದರು. ಮೇಲೆ ಮಲ್ಲಿಗೆಯ ಎಳೆಗಳು. ಮೊದಿನ್ ಅಜ್ಜ ವಿನಾರ್ನೊಗೆ ಕಣ್ಸನ್ನೆ ಮಾಡಿದರು.

ಅವನು ಎದ್ದು ನಿಂತ. ಪೊನಿರಾನನ ಬಗ್ಗೆ ತಾನು ನ್ಯಾಯಾಲಯದಲ್ಲಿ ಜನರ ಮುಂದೆ ಆಡಿದ ವಾಕ್ಯಗಳೆಲ್ಲ ನೆನಪಾದವು. ಎಣಿಸಲು ಆಗುವುದಿಲ್ಲ, ಒಂಟಿಯಾಗಿ ಬಿಡಲು ಆಗುವುದಿಲ್ಲ, ಸಿಟ್ಟು ತಡೆಯಲು ಆಗುವುದಿಲ್ಲ. ಎಲ್ಲವನ್ನೂ ಅವನನ್ನು ಎದುರಿಗೆ ಕೂರಿಸಿಕೊಂಡೇ ಹೇಳಿದ್ದ.

“ಪೊನಿರಾನ್ ಮಾತುಗಾರ” ಎಂದು ಶುರುಮಾಡಿದ. “ಗೆಳೆಯರ ತೆಂಪೆ ಕದ್ದು ತಿನ್ನೋರು. ಅವರು ಕೆತ್ತಿದ ಎಲೆಗಳು ನಾವು ನೋಡದ ಊರುಗಳ ಮನೆಗಳಲ್ಲಿ ಇವೆ.” ಮುಂದಿನದು ಪದ್ಧತಿಯ ಮಾತು. ಹೇಳಲೇಬೇಕು. “ಅವರು ಬದುಕಿದ್ದಾಗ ಕೈಯಿಂದಲೋ ಬಾಯಿಂದಲೋ ನಿಮ್ಮಲ್ಲಿ ಯಾರಿಗಾದ್ರೂ ನೋವು ಮಾಡಿದ್ರೆ, ಮನೆಯವರ ಪರವಾಗಿ ಕೇಳ್ತೀನಿ, ಕ್ಷಮಿಸಿ.”

“ನನ್ನ ಕೋಳಿ ವಿಚಾರಕ್ಕೆ ಒಂದ್ಸಲ ಕೆನ್ನೆಗೆ ಬಿಟ್ಟಿದ್ದ. ಯಾವತ್ತೋ ಕ್ಷಮಿಸಿದ್ದೀನಿ” ಎಂದಳು ಪಕ್ಕದ ಮನೆಯ ಮುದುಕಿ ಸೆರಗಿನಿಂದ ಮೂಗು ಒರೆಸಿಕೊಳ್ಳುತ್ತ.

ಸತ್ತವನ ಪರವಾಗಿ ಬದುಕಿದವರಲ್ಲಿ ಕ್ಷಮೆ ಕೇಳುವ ಮಾತು ಆ ಪದ್ಧತಿಯಲ್ಲಿತ್ತು. ಬದುಕಿದವರು ಸತ್ತವನಲ್ಲಿ ಕೇಳುವ ಮಾತು ಇರಲಿಲ್ಲ.

“ಈ ಮನುಷ್ಯ ಎಂಥವನಾಗಿದ್ದ? ಸಾಕ್ಷಿ ಹೇಳಿ” ಎಂದರು ಮೊದಿನ್ ಅಜ್ಜ.

“ಒಳ್ಳೆಯವನು” ಎಂದಿತು ಅಂಗಳ. ಮೂರು ಸಲ ಕೇಳಿದರು, ಮೂರು ಸಲವೂ ಹಾಗೇ. ವಿನಾರ್ನೊನ ದನಿ ಮೂರನೆಯ ಸಲ ಮಾತ್ರ ಹೊರಟಿತು.

ಡೋಲಿಯನ್ನು ಎತ್ತಿ ಹಿಡಿದರು. ಕೊನೆಯ ಗೌರವದ ಪದ್ಧತಿಯಂತೆ ಲಸ್ತ್ರಿ ತಲೆ ತಗ್ಗಿಸಿ ಅದರ ಅಡಿಯಲ್ಲಿ ಹಾದುಹೋದಳು, ಸುತ್ತಿ ಬಂದು ಮತ್ತೆ ಹಾದುಹೋದಳು. ಅರಿಸಿನದ ಅಕ್ಕಿ ಎರಚುತ್ತ ಗಂಡಸರು ಹೊರಟರು. ವಿನಾರ್ನೊ ಚಪ್ಪಲಿ ಹುಡುಕಿಕೊಳ್ಳುತ್ತಿದ್ದಾಗ ಲಸ್ತ್ರಿ ಹತ್ತಿರ ಬಂದಳು.

“ಒಂದು ಮಾತು, ಪಾ. ಇಷ್ಟು ದಿನ ಅವರಿದ್ರು. ಕೇಳೋಕೆ ಆಗ್ಲಿಲ್ಲ.”

“ಕೇಳಿ, ಬು.”

“ಅವತ್ತು ಅವರು ತಿರುಗಿ ತಿರುಗಿ ನೋಡ್ತಿದ್ರಲ್ಲ. ಎಲೆ ಇನ್ನೂ ಇತ್ತು. ಆಗ್ಲೇ ನಾನು ಕೈ ಇಟ್ಟಿದ್ರೆ ಸೋತು ಹೋಗ್ತಿದ್ವಾ?”

ಅವಳ ಹಿಂದೆ, ಡೇರೆಯ ಕೆಳಗೆ, ಸರಿಪಾಹ್‌ಳ ಮಗ ಖಾಲಿ ಗ್ಲಾಸನ್ನು ಬಾಯಿಗೆ ಹಿಡಿದುಕೊಂಡೇ ಕೂತಿದ್ದ. ತಾಯಿ ಅದನ್ನು ಮೆಲ್ಲಗೆ ಬಿಡಿಸಿಕೊಂಡಳು.

ಹೇಳು, ಎಂದುಕೊಂಡ ವಿನಾರ್ನೊ. ಲಸ್ತ್ರಿ ಕಾಯುತ್ತಿದ್ದಳು. ಒಂಬತ್ತು ವರ್ಷ ಈ ಪ್ರಶ್ನೆಯನ್ನು ಅವಳೊಬ್ಬಳೇ ಹೊತ್ತುಕೊಂಡಿದ್ದಾಳೆ ಎಂಬುದು ಅವನಿಗೆ ಹೊಳೆದೇ ಇರಲಿಲ್ಲ.

“ಸೋಲ್ತಿದ್ವಿ” ಎಂದ.

ಅವಳ ಉಸಿರು ಹೊರಬಿತ್ತು. “ಹಾಗಾದ್ರೆ ನಾನು ಸುಮ್ನೆ ಕೂತಿದ್ದು ತಪ್ಪಲ್ಲ.”

“ನಿಮ್ಮ ತಪ್ಪಲ್ಲ, ಬು.”

ಅವನು ಹೇಳಿದ್ದರಲ್ಲಿ ಅದೊಂದೇ ನಿಜವಾಗಿತ್ತು.

“ಹೋಗಿ, ಪಾ. ಮುಂದೆ ಹೋಗಿಬಿಟ್ರು” ಎಂದಳು ಲಸ್ತ್ರಿ. ಅವಳ ಮುಖ ಬೆಳಗಿನಿಂದ ಇದ್ದದ್ದಕ್ಕಿಂತ ಸಡಿಲವಾಗಿತ್ತು.

ಅವನು ಓಡಿ ಡೋಲಿಯನ್ನು ಕೂಡಿಕೊಂಡ. ಕಸ್ಮಾದಿ ಜಾಗ ಬಿಟ್ಟುಕೊಟ್ಟ. ಸ್ಮಶಾನದ ದಾರಿಯ ಎರಡೂ ಬದಿಗೆ ಕೆತ್ತನೆಯ ಅಂಗಡಿಗಳು. ಡೋಲಿ ಹತ್ತಿರ ಬರುತ್ತಿದ್ದ ಹಾಗೆ ಒಂದೊಂದು ಅಂಗಡಿಯ ಕೊಡತಿಯ ಸದ್ದು ನಿಲ್ಲುತ್ತಿತ್ತು. ದಾಟಿ ಹೋದ ಮೇಲೆ ಹಿಂದಿನಿಂದ ಮತ್ತೆ ಶುರುವಾಗುತ್ತಿತ್ತು. ಅಷ್ಟಗಲದ ಮೌನವೊಂದು ಅವರ ಜೊತೆಗೇ ದಾರಿಯುದ್ದಕ್ಕೂ ನಡೆದು ಬಂತು.

ಆ ಬೆಳಿಗ್ಗೆ, ಪೊನಿರಾನ್ ಉಳಿ ಹಿಡಿಯುವ ಮೊದಲೇ, ಕಾರ್ಖಾನೆಯವರು ಕೇಳಿದ್ದಷ್ಟನ್ನೂ ಕೊಡಲು ಒಪ್ಪಿದ್ದರು ಎಂಬುದನ್ನು ವಿನಾರ್ನೊ ಲಸ್ತ್ರಿಗೆ ಎಂದೂ ಹೇಳಲಿಲ್ಲ.